ಚೌಬಾರಾದ ಸುತ್ತ ಟೇಪು ಹಿಡಿದು

ಬೀದರಿನ ಓದುಗರೊಬ್ಬರು ಬರೆದಿದ್ದಾರೆ: ‘ಕಾಲ್ನಡಿಗೆಗೆ ಊರು ಎಷ್ಟು ಅನುಕೂಲ ಎಂದು ನೋಡಲು, ಹಳೇ ಊರಿನ ನಡುವಿನ ಗೋಪುರ ಚೌಬಾರಾವನ್ನು ನಡುವಿಟ್ಟು ನಕ್ಷೆಯ ಮೇಲೆ 400 ಮೀಟರು ತ್ರಿಜ್ಯದ ವೃತ್ತ ಎಳೆದೆವು. ಅಂಗಡಿ, ಶಾಲೆ, ದವಾಖಾನೆ ಎಲ್ಲಾ ಒಳಗೇ ಬಂದವು. ಆದರೂ ಊರುಗೋಲು ಹಿಡಿದವರು ಅತ್ತ ಸುಳಿಯುವುದಿಲ್ಲ. ನಮ್ಮ ಲೆಕ್ಕ ಎಲ್ಲಿ ತಪ್ಪಿತು?’

ವೃತ್ತದೊಳಗೆ ಗೋಡೆಯೂ ಬರುತ್ತದೆ, ಹಿತ್ತಲೂ ಬರುತ್ತದೆ. ಅದರ ಬದಲು ಚೌಬಾರಾದಿಂದ ಹೊರಟು ಪ್ರತಿ ಗಲ್ಲಿಯಲ್ಲೂ 400 ಮೀಟರು ನಡೆದು, ನಿಂತ ಜಾಗಗಳನ್ನು ಗೆರೆಯಿಂದ ಸೇರಿಸಿ. ಒಳಗೆ ಸಿಕ್ಕ ವಿಸ್ತೀರ್ಣವನ್ನು ವೃತ್ತದ 50 ಹೆಕ್ಟೇರಿನಿಂದ ಭಾಗಿಸಿ. 0.6 ದಾಟಿದರೆ ಚೆನ್ನಾಗಿದೆ ಎನ್ನುವುದು ವಾಡಿಕೆ. ಹಳೇ ಊರಲ್ಲಿ ಗಲ್ಲಿಗೆ ಗಲ್ಲಿ ಕೂಡಿರುವುದರಿಂದ ಈ ಅಂಕ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ಕೋಟೆಗೋಡೆಯ ಪಕ್ಕದವರು ದರ್ವಾಜಾ ಸುತ್ತಿ ಬರಬೇಕಾದ ಕಡೆ ಮಾತ್ರ ಇಳಿಯುತ್ತದೆ. ಮೋಸ ಇರುವುದು ಇಲ್ಲೇ. ದಾರಿ ಇದೆಯೇ ಎಂದು ಈ ಅಂಕ ಹೇಳುತ್ತದೆ, ಕಾಲಿಡಲು ಜಾಗ ಇದೆಯೇ ಎಂದು ಹೇಳುವುದಿಲ್ಲ.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103 ಪ್ರಕಾರ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರು ಬೇಕು, ತಲೆಯ ಮೇಲೆ 2.2 ಮೀಟರು ಖಾಲಿ ಇರಬೇಕು. ವಿದ್ಯುತ್ ಕಂಬ, ಅಂಗಡಿಯ ಮೆಟ್ಟಿಲು, ನಿಂತ ಬೈಕು, ತಳ್ಳುಗಾಡಿ ಕಳೆದು ಉಳಿದದ್ದಷ್ಟೇ ಲೆಕ್ಕ. ಪ್ರತಿ 20 ಮೀಟರಿಗೆ ಟೇಪು ಹಿಡಿಯಿರಿ, ನಡುವೆ ಎಲ್ಲಿ ಕಿರಿದಾಗಿದೆಯೋ ಅಲ್ಲೂ ಹಿಡಿಯಿರಿ. ಸರಾಸರಿ ಮಾತ್ರ ತೆಗೆಯಬೇಡಿ. ಎರಡು ಕಡೆ 3 ಮೀಟರು, ಕಂಬದ ಬಳಿ 60 ಸೆಂಟಿಮೀಟರು ಇದ್ದರೆ ಸರಾಸರಿ 2.2 ಮೀಟರು, ಕಾಗದದ ಮೇಲೆ ಪಾಸು. ವ್ಹೀಲ್‌ಚೇರಿಗೆ 90 ಸೆಂಟಿಮೀಟರಾದರೂ ಬೇಕು, ಅದು ಕಂಬದ ಬಳಿಯೇ ನಿಲ್ಲುತ್ತದೆ. ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಅಳೆಯಿರಿ. ಎರಡೂ ಬೇರೆಬೇರೆ ಬೀದಿಗಳೇ ಅನ್ನಿ.

15 ಸೆಂಟಿಮೀಟರಿನ ಮೆಟ್ಟಿಲಿಗೆ 1:12ರ ಇಳಿಜಾರು, ಅಂದರೆ ಎತ್ತರದ ಹನ್ನೆರಡು ಪಟ್ಟು ಉದ್ದದ್ದು, ಕಟ್ಟಿದರೆ ಅದೇ 1.8 ಮೀಟರು ಉದ್ದವಾಗುತ್ತದೆ. ಅಡ್ಡಕ್ಕೆ ಕಟ್ಟಿದರೆ ಗಲ್ಲಿಯನ್ನೇ ನುಂಗುತ್ತದೆ. ಮೂರು ಮೀಟರಿನ ಗಲ್ಲಿಗೆ ಫುಟ್‌ಪಾತ್ ಕೇಳುವುದೇ ತಪ್ಪು ಎನ್ನುವುದು ನಮ್ಮ ಅಭಿಪ್ರಾಯ. ನೆಲ ಸಮ ಇರಲಿ, ಗಟಾರದ ಚಪ್ಪಡಿ ಅಲುಗಾಡದಿರಲಿ, ಗಾಡಿ ಮೆಲ್ಲಗೆ ಬರಲಿ, ಸಾಕು.

ರಸ್ತೆ ದಾಟುವುದನ್ನೂ ಅಳೆಯಿರಿ. ವಯಸ್ಸಾದವರಿಗೆ ಸೆಕೆಂಡಿಗೆ 0.8 ಮೀಟರು ಹಿಡಿದರೆ 8 ಮೀಟರು ದಾಟಲು 10 ಸೆಕೆಂಡು. ಚೌಬಾರಾದ ಬಳಿ ಒಂದು ತಾಸು ನಿಂತು, ವಾಹನಗಳ ನಡುವೆ ಅಷ್ಟು ಬಿಡುವು ಎಷ್ಟು ಸಲ ಸಿಕ್ಕಿತು ಎಣಿಸಿ. ನಟ್ಟನಡುವಿನ ಆ ದುಂಡು ಗೋಪುರ ಆಚೆಯ ಗಾಡಿಯನ್ನು ಮರೆಮಾಡುತ್ತದೆ, ಹುಷಾರು.

ಕೊನೆಗೆ, 90 ಸೆಂಟಿಮೀಟರಿಗಿಂತ ಕಿರಿದಾದ ತುಂಡುಗಳನ್ನು ನಕ್ಷೆಯಿಂದ ಅಳಿಸಿ 400 ಮೀಟರಿನ ಲೆಕ್ಕ ಮತ್ತೆ ಮಾಡಿ. ನಗರಸಭೆಗೆ ಕೊಡುವ ಅರ್ಜಿಯಲ್ಲಿ ಎರಡೂ ಅಂಕ ಹಾಕಿ. ಜೊತೆಗೆ ಆ ಕಂಬದ ಫೋಟೊ ಇರಲಿ, ಟೇಪಿನ ಅಂಕಿ ಓದಲು ಬರುವ ಹಾಗೆ.