ಸಂಪಾದಕರ ಉತ್ತರ: ಪರಿಸರದ ಓದಿಗೆ ರಸಾಯನಶಾಸ್ತ್ರ ಎಷ್ಟು ಬೇಕು?

ಓದುಗರೊಬ್ಬರ ಪತ್ರ: “ಕಾಲೇಜು ಸೇರುವ ಹೊತ್ತು ಬಂದಿದೆ. ಪರಿಸರಕ್ಕೆ ಸಂಬಂಧಿಸಿದ್ದನ್ನೇ ಓದಬೇಕೆಂಬ ಆಸೆ. ಪರಿಸರ ವಿಜ್ಞಾನ ತೆಗೆದುಕೊಳ್ಳಲೋ, ಪರಿಸರ ಎಂಜಿನಿಯರಿಂಗ್ ತೆಗೆದುಕೊಳ್ಳಲೋ ತಿಳಿಯುತ್ತಿಲ್ಲ. ಗಣಿತ ಪರವಾಗಿಲ್ಲ, ರಸಾಯನಶಾಸ್ತ್ರವೆಂದರೆ ಭಯ. ಅಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ? ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ? ಸೇರುವ ಮೊದಲು ಏನು ತಯಾರಿ ಮಾಡಿಕೊಳ್ಳಲಿ?”

ಪ್ರಿಯ ಓದುಗರೇ,

ಮೊದಲ ಪ್ರಶ್ನೆಯಿಂದಲೇ ಶುರು ಮಾಡೋಣ. ಕೆರೆಯೊಂದರಲ್ಲಿ ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತು ತೇಲುತ್ತಿವೆ ಎಂದಿಟ್ಟುಕೊಳ್ಳಿ. ಪರಿಸರ ವಿಜ್ಞಾನ ಓದಿದವರು ‘ಏಕೆ ಹೀಗಾಯಿತು’ ಎಂದು ಹುಡುಕುತ್ತಾ ಹೊರಡುತ್ತಾರೆ. ಯಾವ ಪಾಚಿ ಬೆಳೆದಿದೆ, ರಾತ್ರಿಯಿಡೀ ಅದು ಉಸಿರಾಡಿ ನೀರಿನ ಆಮ್ಲಜನಕವನ್ನು ಎಲ್ಲಿಗೆ ಇಳಿಸಿತು, ತಳದ ಕೆಸರಿನಿಂದ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತಿದೆಯೇ ಎಂದು ನೋಡುತ್ತಾರೆ. ಎಂಜಿನಿಯರ್ ಕೇಳುವುದು ‘ಎಷ್ಟು’ ಎಂದು. ದಿನಕ್ಕೆ ಎಷ್ಟು ಕಿಲೋ ರಂಜಕ ಕೆರೆಗೆ ಸೇರುತ್ತಿದೆ, ಯಾವ ಕಾಲುವೆಯಿಂದ, ಅದರಲ್ಲಿ ಎಷ್ಟನ್ನು ತಡೆದರೆ ಸಾಕು, ತಡೆಯಲು ಎಷ್ಟು ದೊಡ್ಡ ತೊಟ್ಟಿ ಬೇಕು, ಪಂಪು ಕೆಟ್ಟು ನಿಂತ ದಿನ ನೀರು ಎಲ್ಲಿಗೆ ಹೋಗಬೇಕು? ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗದು. ಆದರೆ ದಿನನಿತ್ಯದ ಓದು ಮಾತ್ರ ಬೇರೆಬೇರೆ.

ಪದವಿಯ ಹೆಸರನ್ನು ನಂಬಿ ತೀರ್ಮಾನಿಸಬೇಡಿ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಪರಿಸರ ಎಂಜಿನಿಯರಿಂಗ್ ಸಿವಿಲ್ ವಿಭಾಗದೊಳಗಿರುತ್ತದೆ, ಕೆಲವೆಡೆ ಕೆಮಿಕಲ್ ವಿಭಾಗದ ಜೊತೆ, ಇನ್ನು ಕೆಲವೆಡೆ ಸ್ವತಂತ್ರವಾಗಿ. ಪಠ್ಯಕ್ರಮ ತರಿಸಿಕೊಂಡು ನೋಡಿ. ಮೊದಲ ಎರಡು ವರ್ಷಗಳಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್, ಡಿಫರೆನ್ಷಿಯಲ್ ಸಮೀಕರಣಗಳು, ಜಲವಿಜ್ಞಾನ ಇದ್ದರೆ ಅದು ಎಂಜಿನಿಯರಿಂಗ್ ಓದು. ಜೀವಪರಿಸರಶಾಸ್ತ್ರ, ಮಣ್ಣು ವಿಜ್ಞಾನ, ಸಂಖ್ಯಾಶಾಸ್ತ್ರ ಹೆಚ್ಚಿದ್ದರೆ ವಿಜ್ಞಾನದ ಓದು. ಎಂಜಿನಿಯರಿಂಗ್ ಮುಗಿಸಿ ಸ್ನಾತಕೋತ್ತರದಲ್ಲಿ ವಿಜ್ಞಾನದ ಕಡೆ ಹೊರಳುವುದು ಸುಲಭ. ಆ ಕಡೆಯಿಂದ ಈ ಕಡೆ ಬರುವವರಿಗೆ ನೀರಿನ ಹರಿವಿನ ಲೆಕ್ಕಗಳು ಬಾಕಿ ಉಳಿದಿರುತ್ತವೆ, ಅವನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಗುತ್ತದೆ. ಎರಡರ ನಡುವೆ ತೂಗಾಡುತ್ತಿರುವ, ಗಣಿತಕ್ಕೆ ಹೆದರದ ನಿಮ್ಮಂಥವರಿಗೆ ಎಂಜಿನಿಯರಿಂಗೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಈಗ ರಸಾಯನಶಾಸ್ತ್ರದ ಭಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ಓದಿನ ಬೆನ್ನೆಲುಬು ಒಂದೇ ಒಂದು ಲೆಕ್ಕ: ಒಳಗೆ ಬಂದದ್ದು, ಹೊರಗೆ ಹೋದದ್ದು, ಒಳಗೇ ಹುಟ್ಟಿದ್ದು ಅಥವಾ ನಾಶವಾದದ್ದು, ಉಳಿದದ್ದು. ತೊಟ್ಟಿಗೂ ಇದೇ, ಕೆರೆಗೂ ಇದೇ, ಊರಿನ ಮೇಲಿನ ಗಾಳಿಗೂ ಇದೇ. ಒಂದು ಶುದ್ಧೀಕರಣ ಘಟಕಕ್ಕೆ ದಿನಕ್ಕೆ 5,000 ಘನ ಮೀಟರ್, ಅಂದರೆ 50 ಲಕ್ಷ ಲೀಟರ್ ಕೊಳಚೆ ನೀರು ಬರುತ್ತಿದೆ ಎನ್ನಿ. ಅದರಲ್ಲಿ ಅಮೋನಿಯಾ ರೂಪದ ಸಾರಜನಕ ಲೀಟರಿಗೆ 40 ಮಿಲಿಗ್ರಾಂ. ಲೀಟರಿಗೆ ಒಂದು ಮಿಲಿಗ್ರಾಂ ಎಂದರೂ ಘನ ಮೀಟರಿಗೆ ಒಂದು ಗ್ರಾಂ ಎಂದರೂ ಒಂದೇ. ಇದೊಂದು ನೆನಪಿದ್ದರೆ ಅರ್ಧ ಲೆಕ್ಕ ಬಾಯಲ್ಲೇ ಆಗುತ್ತದೆ. 5,000 × 40 = 2,00,000 ಗ್ರಾಂ, ದಿನಕ್ಕೆ 200 ಕಿಲೋ ಸಾರಜನಕ.

ಬ್ಯಾಕ್ಟೀರಿಯಾಗಳು ಇದನ್ನು ನೈಟ್ರೇಟ್ ಮಾಡಬೇಕು. ಒಂದು ಗ್ರಾಂ ಸಾರಜನಕಕ್ಕೆ ಸುಮಾರು 4.57 ಗ್ರಾಂ ಆಮ್ಲಜನಕ ಬೇಕು, ಹಾಗಾಗಿ ಪೂರ್ತಿ ಅಮೋನಿಯಾಕ್ಕೆ ದಿನಕ್ಕೆ 914 ಕಿಲೋ. ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೆ ಇದೊಂದು ಆಧಾರ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ಕ್ರಿಯೆಯಲ್ಲಿ ಆಮ್ಲವೂ ಹುಟ್ಟುತ್ತದೆ. ಪ್ರತಿ ಗ್ರಾಂ ಸಾರಜನಕವೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಗ್ರಾಂ ಕ್ಷಾರೀಯತೆಯನ್ನು, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯನ್ನು, ತಿಂದುಹಾಕುತ್ತದೆ. ನಮ್ಮ 40 ಮಿಲಿಗ್ರಾಂಗೆ ಲೀಟರಿಗೆ 286 ಮಿಲಿಗ್ರಾಂ ಕ್ಷಾರೀಯತೆ ಬೇಕು. ಬಂದ ನೀರಿನಲ್ಲಿ ಇರುವುದೇ 200 ಆದರೆ ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ. ಎಷ್ಟು ಗಾಳಿ ಊದಿದರೂ ಅಮೋನಿಯಾ ಇಳಿಯುವುದಿಲ್ಲ. ಗಾಳಿ ಸಾಲುತ್ತಿಲ್ಲವೆಂದು ಬ್ಲೋವರ್ ಜೋರು ಮಾಡುತ್ತಾ ಹೋದರೆ ವಿದ್ಯುತ್ತು ವ್ಯರ್ಥ; ಬೇಕಾಗಿದ್ದದ್ದು ಸುಣ್ಣ ಅಥವಾ ಸೋಡಿಯಂ ಬೈಕಾರ್ಬೊನೇಟ್. ಇನ್ನೂ ಒಳ್ಳೆಯ ದಾರಿಯೆಂದರೆ ಗಾಳಿ ಊದುವ ತೊಟ್ಟಿಗಿಂತ ಮೊದಲು ಗಾಳಿಯಿಲ್ಲದ ತೊಟ್ಟಿಯೊಂದನ್ನು ಕಟ್ಟಿ, ನೈಟ್ರೇಟ್ ಇರುವ ನೀರನ್ನು ಅಲ್ಲಿಗೆ ಮರಳಿಸುವುದು. ನೈಟ್ರೇಟು ಸಾರಜನಕ ಅನಿಲವಾಗಿ ಹಾರಿಹೋಗುವಾಗ ಗ್ರಾಂಗೆ 3.57ರಂತೆ, ಅಂದರೆ ಕಳೆದುಕೊಂಡ ಕ್ಷಾರೀಯತೆಯಲ್ಲಿ ಅರ್ಧದಷ್ಟು, ವಾಪಸು ಸಿಗುತ್ತದೆ.

ಇಲ್ಲಿ ಬಳಸಿದ ರಸಾಯನಶಾಸ್ತ್ರ ಇಷ್ಟೇ: ಮೋಲ್ ಲೆಕ್ಕ, ಆಮ್ಲ-ಪ್ರತ್ಯಾಮ್ಲ, ಕಾರ್ಬೊನೇಟ್ ಸಮತೋಲ. ಇದರ ಜೊತೆ ಆಕ್ಸಿಡೀಕರಣ-ಅಪಕರ್ಷಣ ಮತ್ತು ಯಾವುದು ಯಾವ ಪಿಎಚ್‌ನಲ್ಲಿ ಕರಗುತ್ತದೆ ಎಂಬುದನ್ನು ಸೇರಿಸಿಕೊಳ್ಳಿ. ಸಾವಯವ ಸಂಯುಕ್ತಗಳನ್ನು ತಯಾರಿಸುವ ಉದ್ದುದ್ದ ಹಾದಿಗಳನ್ನು ಉರು ಹೊಡೆಯುವ ಅಗತ್ಯ ಇಲ್ಲಿ ತೀರಾ ಕಡಿಮೆ. ನಿಮ್ಮ ಭಯ ಉರು ಹೊಡೆಯುವುದರ ಬಗ್ಗೆಯಾದರೆ ಅದನ್ನು ಬಿಟ್ಟುಬಿಡಿ.

ಇನ್ನು ಲ್ಯಾಬ್. ಒಂದೇ ಒಂದು ಪರೀಕ್ಷೆಯನ್ನು ಹತ್ತಿರದಿಂದ ತೋರಿಸುತ್ತೇವೆ, ಈ ಓದಿನ ಸ್ವಭಾವ ಅದರಲ್ಲೇ ಗೊತ್ತಾಗುತ್ತದೆ. ಬಿಒಡಿ ಎಂಬುದು ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ, 5 ದಿನ. ಈ ಐದು ದಿನದ ರೂಢಿ ಬ್ರಿಟನ್ನಿನ ಕೊಳಚೆ ವಿಲೇವಾರಿ ಆಯೋಗದ 1912ರ ವರದಿಯ ಕಾಲದಿಂದ ಬಂದದ್ದು.

ಬಾಟಲಿ 300 ಮಿಲಿಲೀಟರಿನದು, ಉಜ್ಜಿದ ಗಾಜಿನ ಬಿರಡೆ. ತೊಂದರೆ ಏನೆಂದರೆ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಹಿಡಿದಿಡಲಾರದು, ಕೊಳಚೆ ನೀರಿನ ಬೇಡಿಕೆಯೋ 250 ಇರಬಹುದು. ಆದ್ದರಿಂದ ತೆಳು ಮಾಡಬೇಕು. 6 ಮಿ.ಲೀ. ಕೊಳಚೆ ನೀರು ಹಾಕಿ, ಲವಣಗಳನ್ನು ಬೆರೆಸಿ ಗಾಳಿಯಾಡಿಸಿದ ನೀರಿನಿಂದ ಬಾಟಲಿ ತುಂಬಿದರೆ 50 ಪಟ್ಟು ತೆಳುವಾಯಿತು. ಐದು ದಿನದಲ್ಲಿ ಆಮ್ಲಜನಕ 8.5ರಿಂದ 3.5ಕ್ಕೆ ಇಳಿದರೆ, ಇಳಿದ 5ನ್ನು 50ರಿಂದ ಗುಣಿಸಿ 250. ಅದೇ 15 ಮಿ.ಲೀ. ಹಾಕಿದ್ದರೆ 12.5 ಇಳಿಯಬೇಕಿತ್ತು, ಅಷ್ಟು ಆಮ್ಲಜನಕವೇ ಬಾಟಲಿಯಲ್ಲಿಲ್ಲ. ಐದನೇ ದಿನ ಸೊನ್ನೆ ಸಿಗುತ್ತದೆ, ಯಾವ ದಿನ ಸೊನ್ನೆಯಾಯಿತೆಂದು ತಿಳಿಯುವುದಿಲ್ಲ, ವಾರವೇ ದಂಡ. 1 ಮಿ.ಲೀ. ಹಾಕಿದರೆ ಇಳಿಕೆ 0.8 ಮಾತ್ರ, ಅದನ್ನು ನಂಬಲಾಗದು. ಕನಿಷ್ಠ 2 ಇಳಿಯಬೇಕು, ಕನಿಷ್ಠ 1 ಉಳಿಯಬೇಕು ಎಂಬುದು ನಿಯಮ. ಅದಕ್ಕೇ ಅನುಭವಿಗಳು 3, 6, 9 ಮಿ.ಲೀ. ಹೀಗೆ ಮೂರು ಅಳತೆಯಲ್ಲಿ ಬಾಟಲಿ ಇಡುತ್ತಾರೆ.

ಬಿರಡೆ ಹಾಕುವಾಗ ಒಂದು ಗುಳ್ಳೆ ಒಳಗೆ ಸಿಕ್ಕಿಕೊಂಡರೂ ಅದರ ಆಮ್ಲಜನಕ ನೀರಿಗೆ ಕರಗಿ ಫಲಿತಾಂಶ ಕಡಿಮೆ ಬರುತ್ತದೆ. ಬಿರಡೆಯ ಸುತ್ತ ನಿಲ್ಲಿಸಿದ ನೀರು ಒಣಗಿದರೂ ಗಾಳಿ ಒಳಸೇರಬಹುದು. ಕ್ಲೋರಿನ್ ಹಾಕಿದ ನೀರಾದರೆ ಸೂಕ್ಷ್ಮಜೀವಿಗಳೇ ಇರುವುದಿಲ್ಲ. ಕ್ಲೋರಿನ್ ತೆಗೆದು, ಹೊಸದಾಗಿ ಬ್ಯಾಕ್ಟೀರಿಯಾ ಸೇರಿಸದಿದ್ದರೆ ಕೊಳಕು ನೀರೂ ಶುದ್ಧವೆಂದು ತೋರುತ್ತದೆ. ತೆಳು ಮಾಡಲು ಬಳಸಿದ ನೀರನ್ನಷ್ಟೇ ತುಂಬಿದ ಬಾಟಲಿಯಲ್ಲಿ ಇಳಿಕೆ 0.2 ಮೀರಿದರೆ ಆ ನೀರೋ ಬಾಟಲಿಯೋ ಕೊಳಕಾಗಿದೆ ಎಂದರ್ಥ. ಕೈ ಪಳಗಿದೆಯೇ ಎಂದು ನೋಡಲು ಗ್ಲೂಕೋಸ್, ಗ್ಲುಟಾಮಿಕ್ ಆಮ್ಲ ಎರಡನ್ನೂ ಲೀಟರಿಗೆ 150 ಮಿ.ಗ್ರಾಂನಂತೆ ಕರಗಿಸಿ ಅದರ ಬಿಒಡಿ ಮಾಡಿ. 198ರ ಆಸುಪಾಸಿನಲ್ಲಿ, ಸುಮಾರು 30ರ ಅಂತರದೊಳಗೆ ಬರಬೇಕು.

ಆಮ್ಲಜನಕ ಅಳೆಯಲು ಈಗ ಮೀಟರುಗಳಿವೆ. ಆದರೂ ವಿಂಕ್ಲರ್ ಟೈಟ್ರೇಷನ್ ಕಲಿಸುವ ಕಾಲೇಜನ್ನೇ ನಾವು ಮೆಚ್ಚುತ್ತೇವೆ. ಮ್ಯಾಂಗನೀಸ್ ಸಲ್ಫೇಟ್, ಕ್ಷಾರ-ಅಯೋಡೈಡ್-ಅಜೈಡ್ ಹಾಕಿದಾಗ ಕಂದು ಬಣ್ಣದ ಚರಟ ಮೋಡದಂತೆ ಏಳುತ್ತದೆ. ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲ. ಗಂಧಕಾಮ್ಲ ಹಾಕಿದರೆ ಚರಟ ಕರಗಿ ಅಯೋಡಿನ್ನಿನ ಹಳದಿ. 200 ಮಿ.ಲೀ. ಮಾದರಿಗೆ 0.025 ನಾರ್ಮಲ್ ಥಯೋಸಲ್ಫೇಟ್ ಬಳಸಿದರೆ ಬ್ಯೂರೆಟ್ಟಿನ ಒಂದು ಮಿ.ಲೀ. ಅಂದರೆ ಲೀಟರಿಗೆ ಒಂದು ಮಿ.ಗ್ರಾಂ ಆಮ್ಲಜನಕ. ಹಳದಿ ಒಣಹುಲ್ಲಿನಷ್ಟು ತಿಳಿಯಾದ ಮೇಲೆಯೇ ಪಿಷ್ಟ ಹಾಕಬೇಕು. ಆತುರಪಟ್ಟು ಮೊದಲೇ ಹಾಕಿದರೆ ಪಿಷ್ಟ ಅಯೋಡಿನ್ನನ್ನು ಬಿಗಿಯಾಗಿ ಹಿಡಿದುಕೊಂಡು ಅಂತ್ಯಬಿಂದು ಎಳೆದಾಡುತ್ತದೆ. ನೀಲಿ ಮಾಯವಾದ ಮೊದಲ ಕ್ಷಣದ ಓದೇ ಸರಿ, ಆಮೇಲೆ ಮರಳಿ ಬರುವ ನೀಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಸೂಕ್ಷ್ಮಜೀವಶಾಸ್ತ್ರವನ್ನು ಹಲವರು ಪೂರಕ ವಿಷಯವೆಂದು ಕಡೆಗಣಿಸುತ್ತಾರೆ. ಹಾಗೆ ಮಾಡಬೇಡಿ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಕೊಳಚೆ ನೀರಿಗೆ ಗಾಳಿ ಊದಿ, ತಳಕ್ಕಿಳಿದ, ಸೂಕ್ಷ್ಮಜೀವಿಗಳೇ ತುಂಬಿದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಹೊಸ ನೀರು ಹಾಕುತ್ತಾ ಹೋದರು. ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧೀಕರಣ ಗಂಟೆಗಳಿಗೆ ಇಳಿಯಿತು. ನೀರು ತೊಟ್ಟಿಯಲ್ಲಿರುವ ಅವಧಿ ಬೇರೆ, ಕೆಸರಿನ ವಯಸ್ಸು ಬೇರೆ ಎಂಬ ಅರಿವು ಅಲ್ಲಿಂದ ಬೆಳೆದದ್ದು. 1,500 ಘನ ಮೀಟರ್ ತೊಟ್ಟಿಯಲ್ಲಿ ಘನ ಮೀಟರಿಗೆ 3 ಕಿಲೋ ಕೆಸರಿದ್ದರೆ ಒಟ್ಟು 4,500 ಕಿಲೋ; ದಿನಕ್ಕೆ 450 ಕಿಲೋ ಹೊರತೆಗೆದರೆ ಕೆಸರಿನ ವಯಸ್ಸು 10 ದಿನ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವಂಥವು. ಅವು ಮರಿಮಾಡುವುದಕ್ಕಿಂತ ಬೇಗ ಕೆಸರು ತೆಗೆದರೆ ಕೊಚ್ಚಿಹೋಗುತ್ತವೆ, ಚಳಿಯಲ್ಲಂತೂ ಇನ್ನೂ ಬೇಗ.

ಎಡವುವ ಜಾಗಗಳ ಬಗ್ಗೆ ಕೇಳಿದ್ದೀರಿ. ಹೆಚ್ಚಿನವು ಮಾನಗಳಲ್ಲಿವೆ. ನೈಟ್ರೇಟ್ ಲೀಟರಿಗೆ 50 ಮಿ.ಗ್ರಾಂ ಎಂದರೂ, ನೈಟ್ರೇಟಿನಲ್ಲಿರುವ ಸಾರಜನಕ 11.3 ಮಿ.ಗ್ರಾಂ ಎಂದರೂ ಒಂದೇ ನೀರು. ವರದಿಯಲ್ಲಿ ಯಾವುದೆಂದು ನೋಡದೆ ಹೋಲಿಸಿದರೆ ನಾಲ್ಕು ಪಟ್ಟಿಗೂ ಮೀರಿದ ತಪ್ಪು. ಗಾಳಿಯಲ್ಲೂ ಹೀಗೆಯೇ: ನೈಟ್ರೋಜನ್ ಡೈಆಕ್ಸೈಡ್ ನೂರು ಕೋಟಿಗೆ ನೂರು ಭಾಗ ಎಂದರೆ 25 ಡಿಗ್ರಿಯಲ್ಲಿ, ಸಾಮಾನ್ಯ ವಾಯುಭಾರದಲ್ಲಿ, ಘನ ಮೀಟರಿಗೆ ಸುಮಾರು 188 ಮೈಕ್ರೋಗ್ರಾಂ. ನೂರು ಕೋಟಿಯೆಂದರೆ ಒಂದರ ಮುಂದೆ ಒಂಬತ್ತು ಸೊನ್ನೆ ಎಂಬುದನ್ನೂ ಬರೆದುಕೊಂಡೇ ಲೆಕ್ಕ ಮಾಡಿ. ಇನ್ನೊಂದು ಎಡವು, ಕೆಸರು ತಂಗಿಸುವ ತೊಟ್ಟಿ ಆಳವಿದ್ದಷ್ಟೂ ಒಳ್ಳೆಯದೆಂದು ಭಾವಿಸುವುದು. ಬಿಡಿಬಿಡಿಯಾಗಿ ಇಳಿಯುವ ಕಣಗಳನ್ನು ಹಿಡಿಯುವುದು ತೊಟ್ಟಿಯ ವಿಸ್ತೀರ್ಣ. ಚದರ ಮೀಟರಿಗೆ ದಿನಕ್ಕೆ 30 ಘನ ಮೀಟರ್ ನೀರು ಹಾಯಿಸಿದರೆ, ಸೆಕೆಂಡಿಗೆ 0.35 ಮಿಲಿಮೀಟರಿಗಿಂತ ನಿಧಾನ ಇಳಿಯುವ ಬಹಳಷ್ಟು ಕಣಗಳು ನೀರಿನ ಜೊತೆ ಹೊರಟುಹೋಗುತ್ತವೆ.

ಮಾದರಿ ಸಂಗ್ರಹದಲ್ಲಾದ ತಪ್ಪನ್ನು ಯಾವ ಯಂತ್ರವೂ ತಿದ್ದಲಾರದು. ಲೋಹಗಳಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟುತ್ತದೆ. ಸಿಒಡಿಗೆ, ಅಂದರೆ ಕೊಳೆಯನ್ನು ಸೂಕ್ಷ್ಮಜೀವಿಗಳ ಬದಲು ರಾಸಾಯನಿಕದಿಂದ ಉತ್ಕರ್ಷಿಸಿ ಆಮ್ಲಜನಕದ ಬೇಡಿಕೆ ಅಳೆಯುವ ಪರೀಕ್ಷೆಗೆ, ಗಂಧಕಾಮ್ಲ. ಬಿಒಡಿ ಮಾದರಿಗೆ ಆಮ್ಲ ಹಾಕಲೇಬಾರದು. ತಣ್ಣಗಿಟ್ಟು ಆದಷ್ಟು ಬೇಗ ಶುರು ಮಾಡಬೇಕು. ಪಿಎಚ್, ಉಷ್ಣತೆ, ಕರಗಿದ ಆಮ್ಲಜನಕ ಸ್ಥಳದಲ್ಲೇ ಅಳೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಹರಿವನ್ನು. ಹರಿವು ಅಳೆಯದೆ ತಂದ ಮಾದರಿಯಿಂದ ಕಿಲೋ ಲೆಕ್ಕ ಹುಟ್ಟುವುದೇ ಇಲ್ಲ. ಹಾಗೆಯೇ ಸಿಒಡಿ ಪರೀಕ್ಷೆ ಮುಗಿದ ಮೇಲೆ ಉಳಿಯುವ ದ್ರವದಲ್ಲಿ ಪಾದರಸವೂ ಕ್ರೋಮಿಯಮ್ಮೂ ಇರುತ್ತವೆ. ಅದನ್ನು ಸಿಂಕಿಗೆ ಸುರಿಯುವ ಲ್ಯಾಬಿನಲ್ಲಿ ಪರಿಸರ ಕಲಿಯುವುದೆಂತು? ಕಾಲೇಜು ನೋಡಲು ಹೋದಾಗ ಈ ತ್ಯಾಜ್ಯದ ಡಬ್ಬಿ ಎಲ್ಲಿದೆ ಎಂದು ಕೇಳಿ. ಮಾದರಿಯನ್ನು ವಿದ್ಯಾರ್ಥಿಗಳೇ ತರುತ್ತಾರೋ, ಸಿದ್ಧ ಬಾಟಲಿ ಕೈಗೆ ಕೊಡುತ್ತಾರೋ ಎಂದೂ ಕೇಳಿ.

ಕಂಪ್ಯೂಟರಿನ ವಿಷಯ ಚುಟುಕಾಗಿ. ಕೊಳವೆ ಜಾಲಕ್ಕೆ ಇಪಾನೆಟ್, ಮಳೆನೀರಿಗೆ ಎಸ್‌ಡಬ್ಲ್ಯೂಎಂಎಂ, ನಕಾಶೆಗೆ ಕ್ಯೂಜಿಐಎಸ್ ಎಲ್ಲವೂ ಉಚಿತ. ಆದರೆ ಅವನ್ನು ತೆರೆಯುವ ಮೊದಲು, ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಓಹಿಯೋ ನದಿಗೆಂದು ಬರೆದ ಆಮ್ಲಜನಕದ ಸಮೀಕರಣವನ್ನು ಸ್ಪ್ರೆಡ್‌ಶೀಟಿನಲ್ಲಿ ನೀವೇ ಬರೆದು, ಕೊಳಚೆ ಸೇರಿದ ಜಾಗದಿಂದ ಕೆಳಗೆ ಆಮ್ಲಜನಕ ಹೇಗೆ ಬಗ್ಗಿ ಮತ್ತೆ ಏಳುತ್ತದೆ ಎಂದು ಗೆರೆ ಎಳೆದು ನೋಡಿ.

ಸೇರುವ ಮೊದಲಿನ ತಯಾರಿಗೆ ಎರಡೇ ಕೆಲಸ ಸಾಕು. ಮೋಲ್, ಸಮಾನತೂಕ, ಕ್ಷಾರೀಯತೆಯ ಲೆಕ್ಕಗಳನ್ನು ದಿನಕ್ಕೆ ಐದರಂತೆ ಮಾಡಿ. ಅನುಮತಿ ಪಡೆದು ಒಂದು ಕೊಳಚೆ ನೀರಿನ ಘಟಕಕ್ಕೆ ಹೋಗಿ, ಅಲ್ಲಿ ಕೆಲಸ ಮಾಡುವವರಲ್ಲಿ ಮೂವತ್ತು ನಿಮಿಷದ ಸಿಲಿಂಡರ್ ಪರೀಕ್ಷೆ ತೋರಿಸಲು ಕೇಳಿ. ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಸಿಲಿಂಡರಿಗೆ ತುಂಬಿ ಅಲುಗಾಡಿಸದೆ ಇಡುತ್ತಾರೆ. ಕೆಸರು 250 ಮಿ.ಲೀ. ಗೆರೆಗೆ ಇಳಿದು, ತೊಟ್ಟಿಯಲ್ಲಿನ ಕೆಸರು ಲೀಟರಿಗೆ 2,500 ಮಿ.ಗ್ರಾಂ ಇದ್ದರೆ, 250ನ್ನು 2.5ರಿಂದ ಭಾಗಿಸಿ: ಒಂದು ಗ್ರಾಂ ಕೆಸರು 100 ಮಿ.ಲೀ. ಜಾಗ ಹಿಡಿದಿದೆ, ಚೆನ್ನಾಗಿ ಇಳಿಯುತ್ತಿದೆ. 150 ದಾಟಿದರೆ ಎಳೆಯೆಳೆಯಾದ ಬ್ಯಾಕ್ಟೀರಿಯಾಗಳು ಹೆಚ್ಚಿವೆಯೇ ಎಂಬ ಅನುಮಾನ ಬರಬೇಕು. ಅಂಥ ದಿನ ಆ ಘಟಕದವರು ಏನು ಮಾಡುತ್ತಾರೆ, ಗಾಳಿ ಹೆಚ್ಚಿಸುತ್ತಾರೋ, ಕೆಸರು ಹೆಚ್ಚು ತೆಗೆಯುತ್ತಾರೋ, ಏಕೆ ಎಂದು ಕೇಳಿ ಬರೆದುಕೊಂಡು ಬನ್ನಿ.