ನ್ಯೂಜೆರ್ಸಿಯ ನಮ್ಮ ಟೌನ್‌ಷಿಪ್‌ನಲ್ಲಿ ಹೊಲಗಳನ್ನು ಉಳಿಸಲು ಹೊಸ ತೆರಿಗೆ ಅಂದರೆ ಜನ ಒಪ್ಪುತ್ತಾರಾ? ಇಲ್ಲ, ದೇಣಿಗೆ ಎತ್ತೋದೇ ವಾಸಿಯಾ?

ದೇಣಿಗೆ ಬಿಡಿ. ನ್ಯೂಜೆರ್ಸಿಯ ಐವತ್ತು ಎಕರೆ ಹೊಲದ ಬೆಲೆ ಹುಂಡಿ ಹಿಡಿದು ಎತ್ತುವ ದುಡ್ಡಲ್ಲ. ತೆರಿಗೆ ಅಂದರೆ ಜನ ಓಡಿಹೋಗುತ್ತಾರೆ ಅನ್ನೋದೂ ಸರಿಯಲ್ಲ. 2014ರಲ್ಲಿ ಕಾರ್ಪೊರೇಟ್ ತೆರಿಗೆಯ ಒಂದು ಪಾಲನ್ನು ಇಂಥ ಕೆಲಸಕ್ಕೆ ಮೀಸಲಿಡೋಣವೇ ಎಂದು ಕೇಳಿದಾಗ ರಾಜ್ಯದಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ ಸುಮಾರು 65 ಮಂದಿ ಹೌದು ಅಂದರು.

ಆದರೂ ನಮ್ಮೂರಲ್ಲಿ ಇಂಥ ತೆರಿಗೆ ಬೇಕೇ ಅಂತ ಮತಪತ್ರದಲ್ಲಿ ಕೇಳಿದ ಪ್ರಶ್ನೆ ಬಿದ್ದುಹೋಯಿತು. ಅದರ ವಾಕ್ಯ ಬರೆದವರಲ್ಲಿ ನಾನೂ ಒಬ್ಬ, ಅದಕ್ಕೇ ಇದನ್ನು ಉದ್ದವಾಗಿಯೇ ಹೇಳುತ್ತೇನೆ. ಈ ನಿಧಿಯಿಂದ ಬಯಲು ಜಾಗ ಕೊಳ್ಳಬಹುದು, ಹೊಲ ಉಳಿಸಬಹುದು, ಹಳೆಯ ಕಟ್ಟಡ ಕಾಯಬಹುದು, ಆಟದ ಮೈದಾನ ಮಾಡಬಹುದು, ಇವಕ್ಕಾಗಿ ಮಾಡಿದ ಸಾಲವನ್ನೂ ತೀರಿಸಬಹುದು. ಮುಂದೆ ಕೈ ಕಟ್ಟಿಹಾಕಿದಂತೆ ಆಗದಿರಲಿ ಅಂತ ಅಷ್ಟನ್ನೂ ಒಂದೇ ವಾಕ್ಯಕ್ಕೆ ತುರುಕಿದೆವು; ಯಾವುದಕ್ಕೆ ಎಷ್ಟು ಪಾಲು ಅಂತ ಬರೆಯಲಿಲ್ಲ. ಓದಿದವರ ಕಣ್ಣಿಗೆ ಹೊಲ ಬೀಳಲಿಲ್ಲ, ಪ್ಲಾಸ್ಟಿಕ್ ಹುಲ್ಲಿನ ಫುಟ್‌ಬಾಲ್ ಮೈದಾನ ಬಿತ್ತು. ವಿರೋಧಿಗಳು ಸುಳ್ಳು ಹೇಳಬೇಕಾಗಿ ಬರಲೇ ಇಲ್ಲ, ನಮ್ಮ ವಾಕ್ಯವನ್ನೇ ಗಟ್ಟಿಯಾಗಿ ಓದಿದರು.

ಸಾಲದ್ದಕ್ಕೆ ‘ನೂರು ಡಾಲರ್ ಮೌಲ್ಯಕ್ಕೆ ಎರಡು ಸೆಂಟ್’ ಅಂತಷ್ಟೇ ಬರೆದು ಸುಮ್ಮನಾದೆವು. ಮತಗಟ್ಟೆಯಲ್ಲಿ ನಿಂತು ಯಾರು ಲೆಕ್ಕ ಹಾಕುತ್ತಾರೆ? ತೆರಿಗೆ ಬಿಲ್ಲಿನಲ್ಲಿ ಅಸೆಸ್ಡ್ ವ್ಯಾಲ್ಯೂ, ಅಂದರೆ ತೆರಿಗೆಗಾಗಿ ಊರು ಗೊತ್ತುಮಾಡಿದ ಮನೆಯ ಮೌಲ್ಯ, 6,00,000 ಡಾಲರ್ ಇದ್ದರೆ ವರ್ಷಕ್ಕೆ 120, ತಿಂಗಳಿಗೆ 10 ಡಾಲರ್. ಮನೆಯ ಮಾರುಕಟ್ಟೆ ಬೆಲೆ ಹಿಡಿದು ಲೆಕ್ಕ ಹಾಕಬೇಡಿ. ಮರುಮೌಲ್ಯಮಾಪನ ಆಗಿ ಬಹಳ ವರ್ಷವಾಗಿರುವ ಊರುಗಳಲ್ಲಿ ಎರಡಕ್ಕೂ ದೊಡ್ಡ ಅಂತರ ಇರುತ್ತದೆ, ಮೊತ್ತ ಸುಮ್ಮನೆ ಹೆಚ್ಚಾಗಿ ಕಂಡು ಜನ ಹೆದರುತ್ತಾರೆ. ಪ್ರಶ್ನೆಯ ಕೆಳಗಿನ ವಿವರಣೆಯಲ್ಲಿ ಊರಿನ ಸರಾಸರಿ ಮನೆಗೆ ವರ್ಷಕ್ಕೆ ಎಷ್ಟು ಡಾಲರ್, ಅದರಲ್ಲಿ ಹೊಲಕ್ಕೆ ಶೇಕಡಾ ಎಷ್ಟು, ಈ ಎರಡು ಅಂಕಿ ಇರಲೇಬೇಕು.

ಇನ್ನೊಂದು ಗೊಂದಲ: ಹೊಲ ಉಳಿಸುವುದೂ ಪಾರ್ಕ್ ಮಾಡುವುದೂ ಒಂದೇ ಅಲ್ಲ. ರೈತ ಮಾರುವುದು ಬೇಸಾಯಕ್ಕಲ್ಲದ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ. ಆ ಹಕ್ಕು ಇದ್ದಾಗ ಜಮೀನಿನ ಬೆಲೆ ಎಷ್ಟು, ಇಲ್ಲದಾಗ ಎಷ್ಟು ಅಂತ ಇಬ್ಬರು ಮೌಲ್ಯಮಾಪಕರು ಬೇರೆಬೇರೆಯಾಗಿ ಅಳೆಯುತ್ತಾರೆ. ಅವನಿಗೆ ಸಿಗುವ ಹಣಕ್ಕೆ ಸಾಮಾನ್ಯವಾಗಿ ಆ ವ್ಯತ್ಯಾಸವೇ ಆಧಾರ. ಜಮೀನು ಅವನ ಹೆಸರಲ್ಲೇ ಉಳಿಯುತ್ತದೆ, ಮಾರಬಹುದು, ಮಕ್ಕಳಿಗೂ ಬಿಡಬಹುದು. ನೀವು ಅಲ್ಲಿ ವಾಕಿಂಗ್ ಹೋಗುವ ಹಾಗಿಲ್ಲ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ‘ನಮ್ಮ ದುಡ್ಡು, ಬೇಲಿ ಯಾಕೆ?’ ಅಂತ ಜಗಳ ಬರುತ್ತದೆ. ಮಗಳಿಗೊಂದು ಮನೆ ಕಟ್ಟುವ ಆಸೆ ರೈತನಿಗಿದ್ದರೆ ಆ ತುಂಡು ನೆಲವನ್ನು ಅರ್ಜಿಯಲ್ಲೇ ಹೊರಗಿಡಬೇಕು. ಹಕ್ಕು ಮಾರಿದ ಕರಾರು ನೋಂದಣಿಯಾದ ಮೇಲೆ ಕೇಳಿದರೆ ಸಿಗದು.

ನಿಮ್ಮ ಬಲವಾದ ಮಾತು ಇದು: ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ) ಮೂಲಕ ಹೋದರೆ ಹಕ್ಕಿನ ಬೆಲೆಯಲ್ಲಿ ಸಾಮಾನ್ಯವಾಗಿ ಶೇಕಡಾ 60ರಿಂದ 80ರಷ್ಟನ್ನು ರಾಜ್ಯವೇ ಕೊಡುತ್ತದೆ. ಊರಿನ ಎರಡು ಸೆಂಟ್ ಅದನ್ನು ಎಳೆದು ತರುವ ಹಗ್ಗ. ಹಕ್ಕಿ, ಹಸಿರು ಅಂತ ಭಾಷಣ ಮಾಡೋದಕ್ಕಿಂತ ಇದು ಕೆಲಸ ಮಾಡುತ್ತದೆ.

ಟೌನ್‌ಷಿಪ್‌ನ ದುಡ್ಡಲ್ಲಿ ‘ಹೌದು ಅನ್ನಿ’ ಅಂತ ಪ್ರಚಾರ ಮಾಡಬೇಡಿ, ಅದು ನ್ಯಾಯಾಲಯದವರೆಗೂ ಹೋಗಬಹುದು. ಪ್ರಚಾರಕ್ಕೆ ನಿವಾಸಿಗಳದ್ದೇ ಬೇರೆ ಸಮಿತಿ ಇರಲಿ. ನಮ್ಮವರಲ್ಲಿ ಎಚ್-1ಬಿ ವೀಸಾದಲ್ಲಿ ಇರುವವರು ಮನೆ ತೆರಿಗೆ ಕಟ್ಟುತ್ತಾರೆ, ಆದರೆ ವೋಟಿಲ್ಲ. ಆದ್ದರಿಂದ ಕನ್ನಡ ಕೂಟದ ಪಟ್ಟಿ ಹಿಡಿದು ಹೊರಡುವ ಮುಂಚೆ ಮತದಾರರ ಪಟ್ಟಿ ನೋಡಿ, ಹೋದ ಮನೆಯಲ್ಲಿ ಮೊದಲು ಅವರ ತೆರಿಗೆ ಬಿಲ್ಲನ್ನೇ ಮೇಜಿನ ಮೇಲೆ ತರಿಸಿ.