‘ಬಿಚಸ್ ಬ್ರೂ’ ಮರುಮುದ್ರಣ: ಎರಡನೇ ಸೈಡ್ ಕೊನೆಯಲ್ಲಿ ಟ್ರಂಪೆಟ್ ಒಡೆದಂತೆ ಕೇಳುವುದಕ್ಕೆ

ಮೈಲ್ಸ್ ಡೇವಿಸ್ ಅವರ ಈ ಜಾಸ್ ಆಲ್ಬಂನ ಮರುಮುದ್ರಣದಲ್ಲಿ ಟ್ರಂಪೆಟ್ ಯಾಕೆ ಒಡೆಯುತ್ತದೆ ಅಂತ ಕೇಳಿದ್ದೀರಿ. ರೆಕಾರ್ಡಿಗಿಂತ ಪ್ಲೇಯರ್‌ನ ಮುಳ್ಳಿನ (ಸ್ಟೈಲಸ್) ಜೋಡಣೆ ಮೇಲೇ ನನಗೆ ಅನುಮಾನ. ಸೈಡ್ ಶುರುವಿನಲ್ಲಿ ಚೆನ್ನಾಗಿದ್ದು, ಕೊನೆಯ ಐದಾರು ನಿಮಿಷ ಮಾತ್ರ ಕೆಡುತ್ತದೆ ಅಂದಿದ್ದೀರಿ ಅಲ್ವಾ? ಆ ಸೈಡಿನಲ್ಲಿ ಸುಮಾರು 27 ನಿಮಿಷದ ಒಂದೇ ರಚನೆ ಇದೆ. ಎಲ್‌ಪಿಗೆ ಅದು ಜಾಸ್ತಿಯೇ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು (ಸಂಗೀತ ಕೊರೆದಿರುವ ಗ್ರೂವ್) ಹಾದುಹೋಗುತ್ತದೆ. ಒಳಗೆ ಬರುವಷ್ಟರಲ್ಲಿ ಅದು 20ರ ಹತ್ತಿರ ಇಳಿದಿರುತ್ತದೆ. ಅಲ್ಲಿ ಮುಳ್ಳು ಚೂರು ಓರೆಯಾಗಿದ್ದರೂ ಸದ್ದು ಸೀಳುತ್ತದೆ.

ಮೊದಲು ಒಣ ಮೆತ್ತನೆ ಬ್ರಷ್‌ನಿಂದ ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ. ಆಮೇಲೆ ಜೋಡಣೆಯ ಅಳತೆ ಚೀಟಿ, ಅಂದರೆ ಪ್ರೊಟ್ರಾಕ್ಟರ್, ಡೌನ್‌ಲೋಡ್ ಮಾಡಿ ಎಸ್.ಎಸ್. ಪುರಂ ಕಡೆ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಅಳತೆ 100% ಇರಲಿ ಅಂತ ಒತ್ತಿ ಹೇಳಿ, ಸ್ಕೇಲ್ ಇಟ್ಟು ನೋಡಿ. ಹಾಳೆಗೆ ಹೊಂದುವಂತೆ ಮಾತ್ರ ಬೇಡ, ಇಡೀ ಕೆಲಸ ಕೆಡುತ್ತದೆ. ಕಾರ್ಟ್ರಿಡ್ಜ್, ಅಂದರೆ ಮುಳ್ಳು ಕೂರುವ ಪುಟ್ಟ ಭಾಗ, ಚೀಟಿಯ ಎರಡೂ ಗುರುತಿನಲ್ಲಿ ನೇರ ಕೂರಬೇಕು. ನಿಮ್ಮ ವಿಎಂ95ಇ ಕಾರ್ಟ್ರಿಡ್ಜ್‌ಗೆ ಮುಳ್ಳು ರೆಕಾರ್ಡನ್ನು ಒತ್ತುವ ಭಾರ 2 ಗ್ರಾಂ ಇಡಿ.

ಈಗ ಬೇರೊಂದು ರೆಕಾರ್ಡಿನ ಕೊನೆಯ ಹಾಡು ಹಾಕಿ. ಅದು ಸರಿಯಾಗಿದ್ದು ಇದು ಮಾತ್ರ ಒಡೆದರೆ ಅಚ್ಚಿನ ದೋಷ ಇರಬಹುದು, ಖಚಿತವಾಗಿ ಹೇಳಲಾರೆ. ಆ ಜಾಗದ ವಿಡಿಯೊ ಮಾಡಿ ಅಂಗಡಿಯವರಿಗೆ ಕಳಿಸಿ, ಬದಲಿ ಕೇಳಿ.

ಮೊದಲ ಸೈಡಿನಲ್ಲಿ ಸಂಗೀತ ಥಟ್ಟನೆ ಜಿಗಿಯುವುದು ದೋಷವಲ್ಲ. ನಿರ್ಮಾಪಕ ಟಿಯೊ ಮಸೆರೊ ಟೇಪ್ ಕತ್ತರಿಸಿ ಜೋಡಿಸಿದ್ದೇ ಹಾಗೆ. ಅದಕ್ಕಾಗಿ ವಾಪಸ್ ಕಳಿಸಬೇಡಿ.